ಒಂದು ರಿವಾಲ್ವರ್, ಎರಡು ಪಾನ್

ನಮ್ಮ ಧಾರವಾಡದಲ್ಲಿ ಪ್ರವಾಸ ಕಥನ ಬರೆಯುವವರೆಲ್ಲ ಲಂಡನ್ನಿಗೋ ಸಿಂಗಪುರಕ್ಕೋ ಹೋಗಿ ಬಂದವರು. ವಿಮಾನ ಇಳಿದ ಕೂಡಲೇ ಕೈಗಡಿಯಾರದ ಮುಳ್ಳು ತಿರುಗಿಸಿದೆವು ಎಂದು ಮೊದಲ ಪುಟದಲ್ಲೇ ಹೇಳಿಬಿಡುತ್ತಾರೆ. ನಾನು ರಾಯಚೂರಿನಾಚೆ ಹೋದದ್ದೇ ಒಮ್ಮೆ. ಆದರೂ ಪರದೇಶಕ್ಕೆ ಹೋಗಿ ಬಂದೆ ಎಂದೇ ವಾದಿಸುತ್ತೇನೆ. ನಾನು ಹೋದ ಊರಿನಲ್ಲಿ ಮುಳ್ಳು ತಿರುಗಿಸಿದರೆ ಸಾಲದು, ಗಡಿಯಾರವನ್ನೇ ಬಿಚ್ಚಿ ಟ್ರಂಕಿನಲ್ಲಿಡಬೇಕು. ಅದು ಹೈದರಾಬಾದು, ಆಗ ಆಂಧ್ರಪ್ರದೇಶದ ರಾಜಧಾನಿ. ಬೋರ್ಡುಗಳು ತೆಲುಗಿನಲ್ಲಿದ್ದವು, ಬೈಗುಳ ಉರ್ದುವಿನಲ್ಲಿತ್ತು, ವೇಳೆ ಮಾತ್ರ ಯಾವ ಭಾಷೆಯಲ್ಲೂ ಇರಲಿಲ್ಲ.

ನಾನು ಪೊಲೀಸ್ ಶಸ್ತ್ರಾಗಾರದಲ್ಲಿ ಮೂವತ್ತೊಂದು ವರ್ಷ ದುಡಿದು ಹವಾಲ್ದಾರನಾಗಿ ನಿವೃತ್ತನಾದವನು. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಏಳುತ್ತೇನೆ. ಮಧ್ಯಾಹ್ನ ಹನ್ನೆರಡೂವರೆಗೆ ಉಣ್ಣುತ್ತೇನೆ, ಭೂಕಂಪವಾದರೂ ಹನ್ನೆರಡೂ ಮೂವತ್ತೊಂದು ಆಗುವುದಿಲ್ಲ. ಆ ಮೂವತ್ತೊಂದು ವರ್ಷ ಬೇರೆಯವರ ಬಂದೂಕು ಬಿಚ್ಚಿದೆ, ಒರೆಸಿದೆ, ಎಣ್ಣೆ ಹಚ್ಚಿ ಕೊಟ್ಟೆ. ಮದುವೆಮನೆಯ ಅಡಿಗೆಯವನು ಸಾವಿರ ಎಲೆಗೆ ಬಡಿಸಿ ತಾನು ಅವಲಕ್ಕಿ ತಿಂದು ಮಲಗುತ್ತಾನಲ್ಲ, ಹಾಗಿತ್ತು ನನ್ನ ಸ್ಥಿತಿ. ನನ್ನದೇ ಎನ್ನುವ ಒಂದು ಆಯುಧ ಬೇಕೆಂಬ ಆಸೆ ನಿವೃತ್ತಿಯಾದ ಮೇಲೆ ಹಟವಾಯಿತು. ಹೊಸದು ಬೇಡ. ಹಳೆಯ ಕಾಲದ ಇಂಗ್ಲಿಷ್ ರಿವಾಲ್ವರ್ ಬೇಕು, ಹೆಬ್ಬೆರಳಿನಿಂದ ಚಿಲಕ ಒತ್ತಿದರೆ ನಳಿಗೆ ತಲೆ ಬಾಗಿಸಿ ಮೈ ತೆರೆದುಕೊಳ್ಳುವಂಥದ್ದು.

ಲೈಸೆನ್ಸೇನೋ ಸಿಕ್ಕಿತು. ಕೊಡುವಾಗ ಗುಮಾಸ್ತ, "ಈ ವಯಸ್ಸಿನ್ಯಾಗ ಯಾರಿಗೆ ಗುಂಡು ಹೊಡೀತೀರಿ ಅಜ್ಜಾರ?" ಎಂದು ಕೇಳಿದ. ಗುಂಡು ತಿನ್ನುವವರ ಪಟ್ಟಿಯಲ್ಲಿ ಅವನ ಹೆಸರನ್ನೇ ಮೊದಲು ಸೇರಿಸುವ ಮನಸ್ಸಾಯಿತು. ಆದರೆ ಆಯುಧ ಕೊಳ್ಳಲು ಕೊಟ್ಟ ಅವಧಿ ಹುಡುಕಾಟದಲ್ಲೇ ಸವೆದು, ಕೊನೆಗೆ ಒಂದು ವಾರ ಉಳಿಯಿತು. ಬರುವ ಶನಿವಾರದೊಳಗೆ ಖರೀದಿಯಾಗಿ ಲೈಸೆನ್ಸಿನಲ್ಲಿ ನಮೂದಾಗಬೇಕು. ತಪ್ಪಿದರೆ ಮತ್ತೆ ಅರ್ಜಿ, ಮತ್ತೆ ವಿಚಾರಣೆ, ಮತ್ತೆ ಅದೇ ಗುಮಾಸ್ತ. ಎರಡನೆಯ ಸಲ ಕೊಡುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಆಗ ತಂಗಿ ನೀಲಾಳ ಕಾಗದ ಬಂತು. ಅವಳ ಗಂಡ ಹೈದರಾಬಾದಿನ ಒಂದು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ನೌಕರ, ಮನೆ ಲಿಂಗಂಪಲ್ಲಿಯಲ್ಲಿ. ಹಳೇ ಪಟ್ಟಣದ ಶಾಲಿಬಂಡಾದಲ್ಲಿ ಮುನವ್ವರ್ ಸಾಹೇಬರೆಂಬ ವೃದ್ಧರಿದ್ದಾರೆ, ಅವರ ತಂದೆಯ ಕಾಲದ ರಿವಾಲ್ವರ್ ಇದೆ, ಕೈ ನಡುಗುತ್ತದೆಂದು ಮಾರುತ್ತಾರೆ, ಆದರೆ ಸಿಕ್ಕವರಿಗೆಲ್ಲ ಕೊಡುವುದಿಲ್ಲ ಎಂದು ಬರೆದಿದ್ದಳು. ನಾನು ಸಿಕ್ಕವರೆಲ್ಲರಲ್ಲಿ ಒಬ್ಬನಲ್ಲ. ಟ್ರಂಕು ತುಂಬಿದೆ.

ಲಿಂಗಂಪಲ್ಲಿ, ಮಂಗಳವಾರ

ಟ್ರಂಕಿನಲ್ಲಿ ಎರಡು ಜೊತೆ ಬಟ್ಟೆ ಮತ್ತು ನನ್ನ ತಗಡಿನ ಡಬ್ಬಿ ಇದ್ದವು. ಡಬ್ಬಿಯಲ್ಲಿ ಹಿತ್ತಾಳೆಯ ಸರಳು, ಎಣ್ಣೆಯ ಶೀಸೆ, ಅಂಗೈ ಉದ್ದ ಕತ್ತರಿಸಿದ ಬಿಳಿ ಚಿಂದಿಗಳು. ಚಿಂದಿಗಳ ಮೂಲೆಯಲ್ಲಿ ಶಾಯಿಯಿಂದ ಒಂದು, ಎರಡು, ಮೂರು ಎಂದು ಸಂಖ್ಯೆ.

"ಅಣ್ಣಾ, ಅರಿವಿ ಚೂರಿಗೂ ನಂಬರ್ ಹಾಕೀಯೇನೋ?" ಎಂದು ನೀಲಾ ಹಣೆ ಬಡಿದುಕೊಂಡಳು.

ಅದಕ್ಕೆ ಕಾರಣವಿದೆ. ನಳಿಗೆ ಒರೆಸಲು ಹತ್ತು ಚಿಂದಿ ಕೊಟ್ಟು ಒಂಬತ್ತು ವಾಪಸು ಬಂದರೆ, ಹತ್ತನೆಯದು ನಳಿಗೆಯೊಳಗೇ ಸಿಕ್ಕಿಕೊಂಡಿದೆ ಎಂದರ್ಥ. ಮುಂದೆ ಗುಂಡು ಹಾರಿಸುವವನ ಕೈ ಹೋಗುತ್ತದೆ. ಆದ್ದರಿಂದ ಎಷ್ಟೇ ಹೊಲಸಾಗಲಿ, ಚಿಂದಿಯನ್ನು ಎಸೆಯುವಂತಿಲ್ಲ. ಎಣಿಸಿ, ಮಡಿಸಿ, ತಿಂಗಳ ಕೊನೆಗೆ ಒಟ್ಟಿಗೆ ಸುಡಬೇಕು. ಇದನ್ನೆಲ್ಲ ವಿವರಿಸಿದೆ. ನೀಲಾ ಕೇಳಿಸಿಕೊಳ್ಳದೆ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು.

ಶಾಲಿಬಂಡಾ, ಬುಧವಾರ

ಸಾಹೇಬರು ಹತ್ತು ಗಂಟೆಗೆ ಬರಹೇಳಿದ್ದರು. ಪ್ಯಾಸೆಂಜರ್ ಗಾಡಿ ಹಿಡಿದು, ನಾಂಪಲ್ಲಿಯಲ್ಲಿ ಇಳಿದು, ಡಬಲ್ ಡೆಕ್ಕರ್ ಬಸ್ಸಿನಲ್ಲಿ ಮೂಸಿ ನದಿ ದಾಟಿ, ಹತ್ತಕ್ಕೆ ಎರಡು ನಿಮಿಷವಿರುವಾಗ ಅವರ ಬಾಗಿಲ ಮುಂದೆ ನಿಂತೆ. ಎರಡು ನಿಮಿಷ ಬೀದಿಯಲ್ಲಿ ಕಳೆದು ಹತ್ತಕ್ಕೆ ಸರಿಯಾಗಿ ಬಾಗಿಲು ಬಡಿದೆ. ನನ್ನನ್ನು ಕೂಡಿಸಿದ್ದ ಹೊರಕೋಣೆಗೆ, ಅವರು ಹೇಳುವ ಬೈಠಕ್ಕಿಗೆ, ಸಾಹೇಬರು ಬಂದಾಗ ಹನ್ನೊಂದೂಕಾಲು.

"ಬರ್ರಿ ಹವಾಲ್ದಾರ್ ಸಾಹೇಬ್, ತಶರೀಫ್ ಇಡ್ರಿ, ಕುಂದರ್ರಿ. ಭಾಳ ಜಲ್ದಿ ಬಂದೀರಿ!"

ಎಪ್ಪತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಬಿಳಿ ಮೀಸೆ, ಇಸ್ತ್ರಿ ಮಾಡಿದ ಶೇರವಾನಿ. ನಿಜಾಮರ ಕಾಲದಲ್ಲಿ ಕಲಬುರ್ಗಿಯ ಕಂದಾಯ ಕಚೇರಿಯಲ್ಲಿ ಹನ್ನೊಂದು ವರ್ಷ ಇದ್ದರಂತೆ, ಕನ್ನಡ ಅಲ್ಲಿಯದು. ನನ್ನ ಆರೋಗ್ಯ ಕೇಳಿದರು, ತಂದೆಯ ಆರೋಗ್ಯ ಕೇಳಿದರು. ತೀರಿಕೊಂಡು ಇಪ್ಪತ್ತು ವರ್ಷವಾಯಿತೆಂದೆ. ನಿನ್ನೆ ತೀರಿಕೊಂಡವರಿಗೆ ಮರುಗಿದಂತೆ ಮರುಗಿದರು. ಧಾರವಾಡದ ಪೇಢೆ, ಕಲಬುರ್ಗಿಯ ಬಿಸಿಲು, ಬೀದರದ ಸುರಾಹಿ ಹೂಜಿ ಎಲ್ಲ ಬಂದವು. ನಾನು "ರಿವಾಲ್ವರ್..." ಎಂದಾಗಲೆಲ್ಲ ಒಂದು ಕಪ್ ಚಹಾ ಬರುತ್ತಿತ್ತು.

"ಅದೂ ಆಗ್ತದ. ಮೊದಲ ಚಾ ಕುಡೀರಿ. ಕಬ್ಬಿಣ ಓಡಿ ಹೋಗ್ತದೇನ್ರಿ?"

ಅವರು ತಮ್ಮ ತಾತ ಹುಲಿ ಬೇಟೆಗೆ ಹೋದ ಕಥೆ ಹೇಳುತ್ತಿದ್ದಾಗ, ಹುಲಿ ಇನ್ನೇನು ನೆಗೆಯಬೇಕು, ಹನ್ನೆರಡೂವರೆಯಾಯಿತು. ನಾನು ಬುತ್ತಿ ಬಿಚ್ಚಿದೆ. ಹೈದರಾಬಾದಿನಲ್ಲಿ ಅತಿಥಿ ತನ್ನ ಬುತ್ತಿ ತಾನೇ ಬಿಚ್ಚುವುದೆಂದರೆ ಮನೆಯವರ ಮುಖಕ್ಕೆ ಹೊಡೆದಂತೆ ಎಂದು ಆಮೇಲೆ ತಿಳಿಯಿತು. ಸಾಹೇಬರು ಹುಲಿಯನ್ನು ಗಾಳಿಯಲ್ಲೇ ನಿಲ್ಲಿಸಿ ನನ್ನ ಜೋಳದ ರೊಟ್ಟಿಯನ್ನು ನೋಡಿದರು. ನಂತರ ಶೇಂಗಾ ಚಟ್ನಿಗೆ ಬೆರಳು ತಾಗಿಸಿ ನೆಕ್ಕಿ, "ಕಲಬುರ್ಗಿ ನೆನಪ ಆಯ್ತು" ಎಂದು ಅರ್ಧ ರೊಟ್ಟಿ ತಿಂದರು. ಹುಲಿ ಏನಾಯಿತೆಂದು ನನಗೆ ಈಗಲೂ ಗೊತ್ತಿಲ್ಲ.

ಒಂದೂಕಾಲಿಗೆ ಹಸಿರು ಮಖಮಲ್ಲಿನ ಗಂಟು ಬಂತು. ಬಿಚ್ಚಿದರು. ಮೂವತ್ತೊಂದು ವರ್ಷದಲ್ಲಿ ಸಾವಿರ ಆಯುಧ ನೋಡಿದ್ದರೂ ಇದನ್ನು ಮುಟ್ಟುವ ಮೊದಲು ಅಂಗಿಗೆ ಕೈ ಒರೆಸಿಕೊಂಡೆ. ಅಕ್ರೋಟ್ ಮರದ ಹಿಡಿ, ಹಿಡಿಯ ಬುಡದಲ್ಲಿ ಹಗ್ಗ ಕಟ್ಟುವ ಉಂಗುರ. ಮೈಮೇಲೆ ಅಲ್ಲಲ್ಲಿ ಕೆಂಪು ತುಕ್ಕು. ಆದರೆ ಎತ್ತಿ ಹಿಡಿದರೆ ತೂಕವೆಲ್ಲ ಅಂಗೈಯಲ್ಲಿ ಬಂದು ಕೂತಿತು, ಮುದ್ದಿನ ಬೆಕ್ಕು ಕೂತಂತೆ.

"ನಮಾಜ್ ಮಾಡಿ ಬರ್ತೀನಿ. ಹತ್ತು ಮಿನಿಟು. ನೀವು ನೋಡ್ಕೋತ ಕುಂದರ್ರಿ" ಎಂದು ಸಾಹೇಬರು ಒಳಗೆ ಹೋದರು.

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಒಳಗಿನಿಂದ ಗೊರಕೆ ಕೇಳಿಸಿತು. ಕೆಲಸವಿಲ್ಲದೆ ಕುಳಿತ ಅಭ್ಯಾಸ ನನಗಿಲ್ಲ. ರಿವಾಲ್ವರಿನ ಚಿಲಕ ಬಿಗಿದುಕೊಂಡಿತ್ತು. ಒಂದು ಹನಿ ಎಣ್ಣೆ ಬಿಟ್ಟೆ, ಕಾದೆ, ಒತ್ತಿದೆ. ನಳಿಗೆ ತಲೆ ಬಾಗಿಸಿ ನನಗೊಂದು ಸಲಾಮು ಹೊಡೆಯಿತು. ಒಳಗೆ ಗುಂಡಿಲ್ಲವೆಂದು ಎರಡು ಸಲ ನೋಡಿದೆ. ಗುಂಡು ತುಂಬುವ ಮನೆಗಳು ಆರು. ಐದು ಮನೆ ಕನ್ನಡಿಯಂತೆ ಹೊಳೆಯುತ್ತಿದ್ದವು. ಆರನೆಯದು ಮಾತ್ರ ಕಪ್ಪು. ನಳಿಗೆಯೂ ಕಪ್ಪು. ಹಳೆಯ ಮದ್ದಿನ ಮಸಿ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು.

ಐದು ಒರೆಸಿ ಆರನೆಯದನ್ನು ಬಿಟ್ಟ ಸೋಮಾರಿ ಯಾರು? ನನ್ನ ಕೈಕೆಳಗಿನ ಪೇದೆಯಾಗಿದ್ದರೆ ಮೈದಾನ ಸುತ್ತಿಸುತ್ತಿದ್ದೆ. ಡಬ್ಬಿ ತೆಗೆದೆ.

ಮುಂದಿನ ಒಂದೂವರೆ ಗಂಟೆ ನನ್ನ ನಿವೃತ್ತ ಜೀವನದ ಅತ್ಯಂತ ಸುಖದ ಸಮಯ. ಸರಳಿಗೆ ಸುತ್ತಿದ ಒಂದನೆಯ ಚಿಂದಿ ಕಾಡಿಗೆಯಂತೆ ಕಪ್ಪಾಗಿ ಹೊರಬಂತು. ಐದನೆಯದು ಕಂದು ಬಣ್ಣಕ್ಕಿಳಿಯಿತು. ಹನ್ನೆರಡನೆಯದು ಹೋದಂತೆಯೇ ಬಿಳಿಯಾಗಿ ಬಂತು. ಬೆಳಕಿಗೆ ಹಿಡಿದರೆ ನಳಿಗೆಯೊಳಗಿನ ಸುರುಳಿ ಗೆರೆಗಳು ತಿರುಗುತ್ತ ಮಿಂಚಿದವು. ರಿವಾಲ್ವರಿನ ಕುದುರೆಯನ್ನು ಎಳೆದರೆ ಆರು ಮನೆಗಳ ಉರುಳೆ ತಿರುಗಿ "ಟಕ್" ಎಂದಿತು. ಅಷ್ಟು ಶುದ್ಧವಾದ "ಟಕ್" ಈಗಿನ ಕಾರ್ಖಾನೆಗಳು ತಯಾರಿಸುವುದಿಲ್ಲ. ಹನ್ನೆರಡೂ ಚಿಂದಿ ಎಣಿಸಿ ಡಬ್ಬಿಯಲ್ಲಿಟ್ಟು, ವೇಳೆಯನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದು, ಶಹಬ್ಬಾಸ್ ಕೇಳಲು ನೆಟ್ಟಗೆ ಕುಳಿತೆ.

ಸಾಹೇಬರು ಬಂದರು. ಎತ್ತಿಕೊಂಡರು. ತೆರೆದರು. ಆರನೆಯ ಮನೆಯೊಳಗೆ ಇಣುಕಿದರು, ನಳಿಗೆಯನ್ನು ಕಿಟಕಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು.

"ವಾಹ್" ಎಂದರು, ಮೆಲ್ಲಗೆ. "ಭಾಳ ಮೆಹನತ್ ತಗೊಂಡೀರಿ."

ಮಖಮಲ್ಲು ಮತ್ತೆ ಗಂಟಾಯಿತು. ಒಂದು ತಟ್ಟೆ ಬಂತು. ಸಾಹೇಬರು ತಾವೇ ಎದ್ದು ನನ್ನ ಮುಂಗೈಗೆ ಅತ್ತರು ಸವರಿ, ಬೆಳ್ಳಿ ರೇಕು ಹಚ್ಚಿದ ಪಾನ್ ಕೊಟ್ಟರು. ಇಂಥ ಮರ್ಯಾದೆ ನನಗೆ ಬೀಳ್ಕೊಡುಗೆ ಸಮಾರಂಭದಲ್ಲೂ ಸಿಕ್ಕಿರಲಿಲ್ಲ. ಅಗಿದೆ. ಭಾರಿ ರುಚಿ.

"ಸಾಹೇಬ್ರ, ತಂಗಿಗೆ ಇನ್ನೊಂದು ಕಟ್ಟಿ ಕೊಡ್ತೀರೇನು?" ಎಂದೆ.

ಅವರ ಮೀಸೆ ಒಮ್ಮೆ ಅಲುಗಿತು. ಎರಡನೆಯದನ್ನೂ ಕೊಟ್ಟು ಬಾಗಿಲವರೆಗೆ ಬಂದರು.

"ನಾಳೆ ಹತ್ತಕ್ಕ ಬಂದೂಕಿನ ಅಂಗಡಿಗೆ ಹೋಗಿ ಕಾಗದ ಮಾಡಿಸೋಣಲ್ರಿ?"

"ಇನ್ಶಾ ಅಲ್ಲಾ" ಎಂದು ಬಾಗಿಲು ಹಾಕಿಕೊಂಡರು.

ಅದೇ ಸಂಜೆ, ಲಿಂಗಂಪಲ್ಲಿ

ನೀಲಾ ಪಾನ್ ಬಾಯಿಗಿಟ್ಟು, ಕಥೆ ಕೇಳಿ, ಪಾನ್ ಸಮೇತ ಕೆಮ್ಮಿದಳು.

"ಅಯ್ಯ ಅಣ್ಣಾ! ಹಳೇ ಮನಿತನದಾಗ ಅತ್ತರ್ ಹಚ್ಚಿ ಪಾನ್ ಕೊಟ್ರಂದ್ರ, ಕುಂತಿದ್ದು ಸಾಕು, ಇನ್ನ ಎದ್ದು ಹೋಗ್ರಿ ಅಂತ. ನಿನ್ನ ಹೊರಗ ಹಾಕ್ಯಾರ. ನೀ ಎರಡನೇದು ಕೇಳಿ ಕಟ್ಟಿಸ್ಕೊಂಡು ಬಂದೀಯಲ್ಲ!"

"ಹೊರಗ ಹಾಕೋವಂಥಾದ್ದು ನಾ ಏನ್ ಮಾಡೀನಿ? ಸ್ವಚ್ಛ ಮಾಡೀನಿ, ಅಷ್ಟ."

"ಹಂಗಾದ್ರ ಅದಕ್ಕೇ ಇರಬೇಕು. ನನ್ನ ಮದವ್ಯಾಗ ಬೀಗರ ಬೂಟು ಚಪ್ಪಲಿ ಎಲ್ಲಾ ಪಾಲಿಶ್ ಮಾಡಿ ಅಳತಿ ಪ್ರಕಾರ ಸಾಲಾಗಿ ಇಟ್ಟಿದ್ದಿ. ತಾಸುಗಟ್ಲೆ ಮಂದಿ ತಮ್ಮ ಜೋಡ ಹುಡುಕ್ಯಾರ. ನಮ್ಮ ಮಾವ ತೀರಿಕೊಳ್ಳೋತನಕ ಅದನ್ನ ಆಡಾಕತ್ತಿದ್ರು."

ಆ ರಾತ್ರಿ ನಾನು ಒಂಬತ್ತಕ್ಕೆ ಮಲಗಿದೆ. ನಿದ್ದೆ ಬಂದದ್ದು ವೇಳಾಪಟ್ಟಿಯಂತೆ ಅಲ್ಲ.

ಗುರುವಾರ, ಪರದೆಯ ಈಚೆ

ಮರುದಿನ ಶಾಲಿಬಂಡಾದ ಬಾಗಿಲು ಅರ್ಧ ತೆರೆದಿತ್ತು. ಬಿದಿರಿನ ಪರದೆಯ ಹಿಂದಿನಿಂದ ಹೆಂಗಸಿನ ದನಿ ಬಂತು, ಅದೂ ಕನ್ನಡದಲ್ಲಿ.

"ಸಾಹೇಬ್ರು ಮನ್ಯಾಗಿಲ್ರಿ."

"ಚಪ್ಪಲಿ ಇಲ್ಲೇ ಅದಾವಲ್ರಿ?"

"ಚಪ್ಪಲಿ ಮನ್ಯಾಗ ಅದಾವ. ಸಾಹೇಬ್ರಿಲ್ಲ."

ಅದು ಸಾಹೇಬರ ಹೆಂಡತಿ, ಬೇಗಂ ಸಾಹೇಬಾ. ತವರು ಬೀದರ್ ಎಂದರು. ನನ್ನಿಂದ ಏನು ತಪ್ಪಾಯಿತೆಂದು ಹೇಳುವವರೆಗೆ ಇಲ್ಲಿಂದ ಅಲುಗುವುದಿಲ್ಲ ಎಂದೆ. ಪರದೆಯ ಹಿಂದೆ ಬಳೆ ಸದ್ದಾಯಿತು.

"ನಮ್ಮ ಮಾವನೋರು ಈದಿನ ಚಂದ್ರ ಕಂಡ ಕೂಡ್ಲೆ ಮಾಳಿಗಿ ಮ್ಯಾಲ ನಿಂತು ಆಕಾಶಕ್ಕ ಒಂದು ಹೊಡೀತಿದ್ರು. ಒಂದೇ. ಅದು ಕೇಳಿದ ಮ್ಯಾಲ ಗಲ್ಲಿ ಮಂದಿ ಶ್ಯಾವಿಗಿ ಒಲಿಮ್ಯಾಲ ಇಡ್ತಿದ್ರು. ಒಂದು ಈದಿಗಿ ಹಂಗೇ ಹೊಡೆದು ಕೆಳಗ ಬಂದು, ಪಿಸ್ತೂಲು ಮಗನ ಕೈಯಾಗ ಕೊಟ್ಟು, ನಾಳಿ ಒರಸು ಅಂದ್ರಂತ. ಬೆಳಗ್ಗಿ ನಮಾಜಿಗಿ ಏಳಲಿಲ್ಲ."

ನಾನು ಹೊಸ್ತಿಲ ಮೇಲೆ ಕುಳಿತುಬಿಟ್ಟೆ.

"ಅವತ್ತಿನಿಂದ ತಿಂಗಳಿಗೊಮ್ಮಿ ಐದು ಮನಿ ಒರಸ್ತಾರ. ಆರನೇದು ಮುಟ್ಟಂಗಿಲ್ಲ. ಕೊಂಡವರೂ ಮುಟ್ಟಬಾರದು ಅಂತ ಮಾತು ತಗೊಂಡೇ ಕೊಡೋರಿದ್ರು. ನಾ ಮದುವಿ ಆಗಿ ಬಂದಾಗಿಂದ ಆ ಮಸಿ ಕಥಿ ಕೇಳಿ ಕೇಳಿ ನನ್ನ ಕಿವ್ಯಾಗೂ ಮಸಿ ಹತ್ಯದ. ನೀವು ಎರಡು ತಾಸಿನ್ಯಾಗ ತೆಗೆದ್ರಿ. ನಿನ್ನಿಯಿಂದ ಒಳಗ ಕುಂತು ಊಟ ಬಿಟ್ಟಾರ. ಇನ್ನ ಆ ಪಿಸ್ತೂಲು ಯಾರಿಗೂ ಮಾರಂಗಿಲ್ಲ ಅಂತಾರ."

ನಾಳೆ ಎಂಬ ಮಾತನ್ನು ನಾನು ಜೀವಮಾನವೆಲ್ಲ ಬೈದವನು. ಈ ಮನುಷ್ಯ ಒಂದು ನಾಳೆಯನ್ನು ಅಷ್ಟು ವರ್ಷ ತುಕ್ಕು ಹಿಡಿಯದಂತೆ ಕಾಪಾಡಿದ್ದ, ನಾನು ಅದನ್ನು ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಸ್ವಚ್ಛ ಮಾಡಿಟ್ಟಿದ್ದೆ.

ಆಗ ತಲೆಯಲ್ಲಿ "ಟಕ್" ಎಂದಿತು.

"ಬೇಗಂ ಸಾಹೇಬಾ! ಆ ಮಸಿ ಎಲ್ಲೂ ಹೋಗಿಲ್ರಿ. ನನ್ನ ಡಬ್ಬ್ಯಾಗ ಐತಿ. ಒಂದನೇ ಚಿಂದಿ!"

ಅರವತ್ತು ದಾಟಿದ ಮೇಲೆ ಮೊದಲ ಸಲ ಓಡಿದೆ. ಬಸ್ಸು, ಗಾಡಿ, ಲಿಂಗಂಪಲ್ಲಿ. ಹಿತ್ತಲಲ್ಲಿ ನೀಲಾ ಬಟ್ಟೆ ಒಗೆಯುತ್ತಿದ್ದಳು. ಬಕೆಟ್ಟಿನ ಸಾಬೂನು ನೀರಿನಲ್ಲಿ ನನ್ನ ಚಿಂದಿಗಳು ತೇಲುತ್ತಿದ್ದವು.

"ಏನ್ ಮಾಡಾಕತ್ತಿ ನೀಲಾ!"

"ಹೊಲಸ ಅರಿವಿ ಡಬ್ಬ್ಯಾಗ ಇಟ್ಕೊಂಡು ತಿರಗ್ತೀಯಲ್ಲ, ಮಂದಿ ನೋಡಿದ್ರ ಏನಂದಾರು ಅಂತ ಒಗಿಯಾಕತ್ತೀನಿ."

ಮಂಡಿಯೂರಿ ಬಕೆಟ್ಟಿನಲ್ಲಿ ಕೈಹಾಕಿ ಎಣಿಸಿದೆ. ಎರಡರಿಂದ ಹನ್ನೆರಡು. ಮತ್ತೊಮ್ಮೆ ಎಣಿಸಿದೆ. ಒಂದನೆಯದು ಇಲ್ಲ.

"ಅದಾ? ಅದು ಭಾಳ ಕರೀದಿತ್ತು. ಉಳದದ್ದಕ್ಕ ಬಣ್ಣ ಹತ್ತತೈತಿ ಅಂತ ಬಾಜೂಕ ತೆಗದಿಟ್ಟೀನಿ. ನೋಡಲ್ಲೆ, ಕಲ್ಲಿನ ಮ್ಯಾಲ."

ಕಲ್ಲಿನ ಮೇಲೆ, ಬಿಸಿಲಿನಲ್ಲಿ, ನೀರು ತಾಗದೆ, ಮಡಿಸಿ ಇಟ್ಟಿತ್ತು. ನಮ್ಮಿಬ್ಬರನ್ನೂ ಬೆಳೆಸಿದ್ದು ಒಬ್ಬನೇ ಅಪ್ಪ, ಶಿಸ್ತು ಒಂದೇ.

ಶುಕ್ರವಾರ

ಒಂದು ಚಿಂದಿಯನ್ನು ಬರಿಗೈಯಲ್ಲಿ ಒಯ್ಯುವುದು ಹೇಗೆ? ನೀಲಾ ಬಹಳ ಹೊತ್ತು ಗೊಣಗಿ ತನ್ನ ಬೆಳ್ಳಿಯ ಕುಂಕುಮದ ಕರಡಿಗೆ ತೊಳೆದು ಕೊಟ್ಟಳು. "ಅವ್ವ ಕೊಟ್ಟದ್ದೈತಿ. ವಾಪಸ್ ತಗೊಂಡ್ ಬಾ" ಎಂದಳು. ತರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಜುಮ್ಮಾ ನಮಾಜು ಮುಗಿದ ಮೇಲೆ ಹೋದೆ. ಹೊತ್ತು ಹೇಳಿರಲಿಲ್ಲ, ಅದೇ ಮೊದಲು. ಸಾಹೇಬರು ಬೈಠಕ್ಕಿನಲ್ಲೇ ಇದ್ದರು. ಮರ್ಯಾದೆ ಬಿಡದೆ "ತಶರೀಫ್ ಇಡ್ರಿ" ಎಂದರು, ಮುಖ ಮಾತ್ರ ಕಿಟಕಿಯ ಕಡೆ. ಕರಡಿಗೆಯ ಮುಚ್ಚಳ ತೆಗೆದು ಅವರ ಮುಂದಿಟ್ಟೆ.

ನೋಡಿದರು. "ಇದು ಅದೇ ಅಂತ ಹ್ಯಾಂಗ ನಂಬಲಿ?"

ಟಿಪ್ಪಣಿ ಪುಸ್ತಕ ತೆರೆದೆ. ಬುಧವಾರ, ಮಧ್ಯಾಹ್ನ ಒಂದು ನಲವತ್ತು. ಒಂದನೆಯ ಚಿಂದಿ: ಆರನೆಯ ಮನೆ, ನಳಿಗೆ. ಕೆಳಗೆ ನನ್ನ ಸಹಿ. ಚಿಂದಿಯ ಮೂಲೆಯಲ್ಲಿ ಶಾಯಿಯ ಸಂಖ್ಯೆ.

ಸಾಹೇಬರು ಕನ್ನಡಕ ಹಾಕಿಕೊಂಡು ಎರಡನ್ನೂ ತಾಳೆ ನೋಡಿದರು. ಹನ್ನೊಂದು ವರ್ಷ ಕಂದಾಯ ಕಚೇರಿಯಲ್ಲಿದ್ದವರು, ನೋಂದಣಿ ಕಂಡರೆ ಮನಸ್ಸು ಮೆತ್ತಗಾಗದೇ ಇರುತ್ತದೆಯೇ? ಚಿಂದಿಯನ್ನು ಮೂಗಿನ ಹತ್ತಿರ ತಂದರು. ಕಣ್ಣು ಮುಚ್ಚಿದರು. ನಾನು ಗೋಡೆಯ ಗಡಿಯಾರ ನೋಡಿದೆ. ಅದು ನಿಂತಿತ್ತು, ಯಾವ ಕಾಲದಿಂದಲೋ.

"ನಮ್ಮ ಅಬ್ಬಾಜಾನ್ ಒರಸು ಅಂದಿದ್ರು" ಎಂದರು ಕೊನೆಗೆ. "ನನ್ನ ಕೈಲಿ ಆಗಲಿಲ್ಲ. ನೀವು ಒರಸೀರಿ. ಹುಕುಂ ಪೂರಾ ಆಯ್ತು."

ಕರಡಿಗೆ ಮುಚ್ಚಿ ಶೇರವಾನಿಯ ಕಿಸೆಗೆ ಹಾಕಿಕೊಂಡರು. ಹಸಿರು ಮಖಮಲ್ಲನ್ನು ನನ್ನ ಕಡೆ ತಳ್ಳಿದರು.

"ಕಬ್ಬಿಣ ನಿಮ್ದು. ಮಸಿ ನಂದು. ನಾಳಿ ಅಂಗಡಿಗಿ ಹೋಗೋಣು."

ಪರದೆಯ ಹಿಂದಿನಿಂದ ದನಿ ಬಂತು. "ಇನ್ನಾದ್ರೂ ಊಟ ಮಾಡ್ತೀರೋ, ಇಲ್ಲಾ ಹವಾಲ್ದಾರ್ ಸಾಹೇಬ್ರು ಬುತ್ತಿ ಬಿಚ್ಚಬೇಕೋ?"

ಶನಿವಾರ, ಆಬಿಡ್ಸ್

ನಾಳೆ ಎಂದರೆ ಶನಿವಾರ. ಅಂದೇ ಕೊನೆಯ ದಿನ. ಮಾರಾಟವನ್ನು ಇಬ್ಬರ ಲೈಸೆನ್ಸಿನಲ್ಲೂ ನಮೂದಿಸಬೇಕಾದ ಆಯುಧದ ಅಂಗಡಿ ಮಧ್ಯಾಹ್ನ ಒಂದು ಗಂಟೆಗೆ ಮುಚ್ಚುತ್ತದೆ. ಕಾಗದವಾಗುವವರೆಗೆ ಗಂಟನ್ನು ಸಾಹೇಬರಲ್ಲೇ ಬಿಟ್ಟು, ಅವರನ್ನು ಹತ್ತಕ್ಕೆ ಬರಹೇಳಿದ್ದೆ.

ಹತ್ತಾಯಿತು. ಹನ್ನೊಂದಾಯಿತು. ಅಂಗಡಿಯವನು ಪತ್ರಿಕೆ ಓದಿ ಮುಗಿಸಿದ. ಹನ್ನೆರಡೂವರೆಗೆ ನಾನು ಬುತ್ತಿ ಬಿಚ್ಚಲಿಲ್ಲ. ಓದುಗರು ಇದನ್ನು ಗಮನಿಸಬೇಕು. ಹನ್ನೆರಡೂ ಐವತ್ತಕ್ಕೆ ಅಂಗಡಿಯವನು ಬೀಗದ ಕೈ ತೆಗೆದುಕೊಂಡ. ನಾನು ಬಾಗಿಲಿಗೆ ಅಡ್ಡ ನಿಂತೆ. ಆಗ ರಿಕ್ಷಾದಿಂದ ಸಾಹೇಬರು ಇಳಿದರು, ಒಂದು ಕೈಯಲ್ಲಿ ಮಖಮಲ್ಲು, ಇನ್ನೊಂದರಲ್ಲಿ ಚಹಾದ ಥರ್ಮಾಸು.

"ಹತ್ತು ಗಂಟೆಗೆ ಅಂದಿದ್ರಿ. ಹತ್ತಕ್ಕ ಮನಿ ಬಿಟ್ಟೀನಿ ನೋಡ್ರಿ!"

"ಶಾಲಿಬಂಡಾದಿಂದ ಇಲ್ಲಿಗೆ ಮೂರು ತಾಸೇನ್ರಿ?"

"ದಾರ್ಯಾಗ ನಾಲ್ಕು ಮಂದಿ ಸಲಾಮ್ ಮಾಡಿದ್ರು. ಮಾತಾಡಸ್ದೇ ಬರ್ಲಿಕ್ಕ ನಾ ಏನು ಪೋಲೀಸಾ?"

ಒಂದಕ್ಕೆ ಮೂರು ನಿಮಿಷವಿರುವಾಗ ಮೊಹರು ಬಿತ್ತು. ನನ್ನ ಲೈಸೆನ್ಸಿನ ಖಾಲಿ ಅಂಕಣದಲ್ಲಿ ರಿವಾಲ್ವರಿನ ನಂಬರು ಕೂತಿತು. ಸಾಹೇಬರು ಅಂಗಡಿಯ ಬಾಗಿಲಲ್ಲೇ ಮೂವರಿಗೂ ಚಹಾ ಬಗ್ಗಿಸಿದರು. ನಾನು ಹನ್ನೆರಡೂವರೆಯ ಊಟ ಬಿಟ್ಟು ಒಂದು ಗಂಟೆಯ ಚಹಾ ಕುಡಿದೆ.

ಈಗ ತಿಂಗಳಿಗೊಮ್ಮೆ ನಮ್ಮೂರ ರೈಫಲ್ ಕ್ಲಬ್ಬಿನ ಮೈದಾನದಲ್ಲಿ ಆರು ಗುಂಡು ಹಾರಿಸುತ್ತೇನೆ. ಅಜ್ಜಾರ ಎಂದ ಗುಮಾಸ್ತನಿಗೆ ಯಾರಾದರೂ ಹೇಳಿಬಿಡಿ: ಗುರಿಯ ಹಲಗೆಗೆ ಐದು ಬೀಳುತ್ತವೆ. ಆರನೆಯದು ಎಡಕ್ಕೆ ಹೋಗುತ್ತದೆ. ಅಷ್ಟು ವರ್ಷ ಮಸಿ ಕೂತ ಮನೆಯಲ್ಲಿ ಸಣ್ಣ ಗುಳಿಗಳು ಬಿದ್ದಿವೆ. ಯಾವ ಎಣ್ಣೆಗೂ ಹೋಗುವುದಿಲ್ಲ, ನಾನೂ ಹಟ ಹಿಡಿದಿಲ್ಲ.

ನಾಂಪಲ್ಲಿ ಸ್ಟೇಷನ್, ಊರಿಗೆ ಹೊರಟ ದಿನ

ಗಾಡಿ ಹೊರಡಲು ಐದು ನಿಮಿಷವಿತ್ತು. ರಿವಾಲ್ವರ್ ಬೀಗ ಹಾಕಿದ ಟ್ರಂಕಿನಲ್ಲಿ, ಟ್ರಂಕು ನನ್ನ ಕಾಲಡಿಯಲ್ಲಿ. ಸಾಹೇಬರು ಬರುವುದಿಲ್ಲ, ಅವರ ಲೆಕ್ಕದಲ್ಲಿ ಈ ಗಾಡಿ ನಾಳೆ ಹೊರಡುತ್ತದೆ ಎಂದು ನೀಲಾಗೆ ಹೇಳುತ್ತಿದ್ದೆ. ಅಷ್ಟರಲ್ಲಿ ಅವರು ಪ್ಲಾಟ್‌ಫಾರ್ಮಿನಲ್ಲಿ ಶೇರವಾನಿ ಎತ್ತಿ ಹಿಡಿದು ಓಡಿಬಂದರು.

ಕಿಟಕಿಯಿಂದ ಒಂದೊಂದೇ ಕೊಟ್ಟರು. ಬಿಸ್ಕತ್ತಿನ ಪೊಟ್ಟಣ. ಬೇಗಂ ಸಾಹೇಬಾ ಮಾಡಿದ ಖುಬಾನಿ ಮೀಠಾ ಎಂಬ ಹಣ್ಣಿನ ಸಿಹಿ. ನೀರಿನ ಸುರಾಹಿ. ನನ್ನ ಮನೆಯವಳಿಗೆ ಒಂದು ಡಜನ್ ಬಳೆ. ಕರಡಿಗೆಯ ಸಾಲ ತೀರಿಸಲು ನೀಲಾಳ ಕೈಗೊಂದು ಬೆಳ್ಳಿ ಕುಸುರಿಯ ಬಿದರಿ ಡಬ್ಬಿ. ಗಾರ್ಡು ಶಿಳ್ಳೆ ಹಾಕಿದ. ನಾನು ಕೈಚಾಚಿದೆ.

"ಸಾಹೇಬ್ರ, ಪಾನ್ ತಂದಿಲ್ಲೇನ್ರಿ?"

ಅವರು ಕಿಟಕಿಯ ಸರಳಿನಿಂದ ಕೈ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡರು.

"ಪಾನ್ ಕೊಡಂಗಿಲ್ಲ ನೋಡ್ರಿ" ಎಂದರು.